ಪ್ರೋಗ್ರೆಸಿವ್ ಕನ್ನಡಕ: ಬೆಳೆದ ಮಗಳ ತಾಯಿಯೊಬ್ಬಳ ವಿಮರ್ಶೆ

ದೂರದ ನೋಟ, ನಡುವಣ ನೋಟ, ಹತ್ತಿರದ ನೋಟ ಮೂರನ್ನೂ ಗೆರೆಯಿಲ್ಲದ ಒಂದೇ ಮಸೂರದಲ್ಲಿ ಒದಗಿಸುವ ಪ್ರೋಗ್ರೆಸಿವ್ ಕನ್ನಡಕವನ್ನು ವರ್ಷಕ್ಕೂ ಮೀರಿ ದಿನನಿತ್ಯ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಂಥ ಕನ್ನಡಕಗಳ ಕುರಿತ ಬರಹಗಳು ಸಾಮಾನ್ಯವಾಗಿ ಕಂಪ್ಯೂಟರಿನ ಮುಂದೆ ಕೂರುವವರನ್ನೋ ವಾಹನ ಓಡಿಸುವವರನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದವಾಗಿರುತ್ತವೆ. ನಾನು ಇದನ್ನು ಕೊಂಡದ್ದೂ ಇದರ ಗುಣದೋಷಗಳನ್ನು ಅಳೆದದ್ದೂ ಹದಿನಾರರ ಮಗಳೊಬ್ಬಳ ತಾಯಿಯಾಗಿ. ಆ ವಯಸ್ಸಿನ ಮಗಳಿರುವ ಮನೆಯಲ್ಲಿ ತಾಯಿಗೆ ಚಾಳೀಸು ಬರುವುದು ಕಣ್ಣಿಗಷ್ಟೇ ಸಂಬಂಧಿಸಿದ ಸಂಗತಿಯಾಗಿ ಉಳಿಯುವುದಿಲ್ಲವಾದ್ದರಿಂದ, ಕನ್ನಡಕದ ಮಾತನ್ನೂ ವಯಸ್ಸಿನ ಮಾತನ್ನೂ ಬೇರ್ಪಡಿಸದೆ ಇಲ್ಲಿ ಒಟ್ಟಿಗೇ ಹೇಳುತ್ತೇನೆ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಇದು ಕೊಳ್ಳಲು ಯೋಗ್ಯವಾದ ವಸ್ತು. ಆದರೆ ಅಳತೆ ತೆಗೆಯುವವರು ನುರಿತವರಾಗಿರಬೇಕು, ಹಾಕಿಕೊಳ್ಳುವವರಿಗೆ ತಾಳ್ಮೆ ಇರಬೇಕು, ಇದು ಮಾಡಲಾರದ ಕೆಲಸಗಳು ಯಾವುವೆಂಬುದು ಮೊದಲೇ ತಿಳಿದಿರಬೇಕು.

ಹತ್ತಿರದ ನೋಟ ಏಕೆ ಕೈಬಿಡುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ನನಗೆ ಈ ಕನ್ನಡಕದ ಬಗ್ಗೆ ಇದ್ದ ಹಿಂಜರಿಕೆ ಕಡಿಮೆಯಾಯಿತು, ಆದ್ದರಿಂದ ಅದನ್ನು ಮೊದಲು ಹೇಳುವುದು ಉಚಿತ. ಕಣ್ಣಿನೊಳಗಿನ ಮಸೂರ ಎಳೆಯ ವಯಸ್ಸಿನಲ್ಲಿ ಮೃದುವಾಗಿರುತ್ತದೆ. ಹತ್ತಿರದ ವಸ್ತುವನ್ನು ನೋಡಬೇಕಾದಾಗ ಸುತ್ತಲಿನ ಸಿಲಿಯರಿ ಸ್ನಾಯು ಸಂಕುಚಿಸುತ್ತದೆ, ಮಸೂರವನ್ನು ಬಿಗಿಹಿಡಿದಿರುವ ನವಿರಾದ ಎಳೆಗಳು ಸಡಿಲವಾಗುತ್ತವೆ, ಆಗ ಮಸೂರ ತಾನಾಗಿಯೇ ಉಬ್ಬಿ ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ವಯಸ್ಸು ಏರಿದಂತೆ ಮಸೂರ ಗಡುಸಾಗುವುದರಿಂದ ಸ್ನಾಯು ತನ್ನ ಕೆಲಸವನ್ನು ಮಾಡಿದರೂ ಮಸೂರ ಉಬ್ಬುವುದಿಲ್ಲ. 19ನೆಯ ಶತಮಾನದ ಡಚ್ ವೈದ್ಯ ಫ್ರಾನ್ಸಿಸ್ಕಸ್ ಡಾಂಡರ್ಸ್ ವಯಸ್ಸಿಗೆ ತಕ್ಕಂತೆ ಈ ಶಕ್ತಿ ಹೇಗೆ ಇಳಿಯುತ್ತದೆಂದು ಅಳೆದು ಪಟ್ಟಿ ಮಾಡಿದ್ದಾನೆ. ಆ ಲೆಕ್ಕದಂತೆ ಹತ್ತು ವರ್ಷದ ಮಗು ಸುಮಾರು 7 ಸೆಂಟಿಮೀಟರ್ ದೂರದಲ್ಲಿರುವುದನ್ನೂ ಸ್ಪಷ್ಟವಾಗಿ ನೋಡಬಲ್ಲದು. ಇಪ್ಪತ್ತಕ್ಕೆ ಆ ಅಂತರ 10 ಸೆಂಟಿಮೀಟರ್ ಆಗುತ್ತದೆ, ಮೂವತ್ತಕ್ಕೆ 14, ನಲವತ್ತಕ್ಕೆ 22, ಐವತ್ತಕ್ಕೆ 40, ಅರವತ್ತಕ್ಕೆ ಒಂದು ಮೀಟರ್. ಇಳಿತ ಬಾಲ್ಯದಲ್ಲೇ ಶುರುವಾಗಿರುತ್ತದೆ, ಓದುವ ಪುಸ್ತಕದ ಅಂತರವನ್ನು ಅದು ದಾಟುವವರೆಗೆ ನಮ್ಮ ಗಮನಕ್ಕೆ ಬರುವುದಿಲ್ಲ, ಅಷ್ಟೆ. ನಲವತ್ತರ ಬಳಿಕ ಏನೋ ಒಮ್ಮೆಲೇ ಮುರಿದುಬಿತ್ತು ಎಂದು ದುಃಖಪಡುತ್ತಿದ್ದವಳಿಗೆ ಈ ಪಟ್ಟಿ ನಿಜವಾದ ಸಮಾಧಾನ ಕೊಟ್ಟಿತು.

ಆದರೆ ಅದೇ ಪಟ್ಟಿ ಇನ್ನೊಂದು ಕಡೆ ನನ್ನನ್ನು ತಟ್ಟಿತು. ನವಜಾತ ಶಿಶುವಿನ ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವ ವಸ್ತು. ಹಾಲೂಡಿಸುವಾಗ ತಾಯಿಯ ಮುಖ ಮಗುವಿನ ಮುಖಕ್ಕೆ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ಮೂವತ್ತರಲ್ಲಿ ತಾಯಿಯಾದ ನನಗೆ ಆಗ ಆ ಅಂತರದಲ್ಲಿ ನೋಡಲು ಯಾವ ಶ್ರಮವೂ ಇರಲಿಲ್ಲ. ಅವಳ ರೆಪ್ಪೆಗಳನ್ನು, ಮೂಗಿನ ಮೇಲಿನ ಬಿಳಿಯ ಚುಕ್ಕೆಗಳನ್ನು, ಕಿವಿಯ ಅಂಚಿನ ನವಿರಾದ ಕೂದಲನ್ನು ಗಂಟೆಗಟ್ಟಲೆ ನೋಡಿದ್ದೇನೆ. ಈಗ ನನ್ನ ಬರಿಗಣ್ಣಿಗೆ ನಿಲುಕದೆ ಹೋಗಿರುವುದು ಕರಾರುವಾಕ್ಕಾಗಿ ಅದೇ ಅಂತರ. ಅವಳನ್ನು ಮೊದಲು ಕಂಡ ದೂರದಲ್ಲಿ ಇಂದು ಅವಳ ಮುಖ ನನಗೆ ಮಸುಕು. ಇದನ್ನು ಅರಿತ ದಿನ ನಾನು ಅತ್ತೆನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮಸೂರದ ಬಗ್ಗೆ ತಿಳಿದ ಮತ್ತೊಂದು ಸಂಗತಿಯೂ ಮನಸ್ಸಿನಲ್ಲಿ ನೆಲೆಸಿಬಿಟ್ಟಿದೆ. ದೇಹದ ಬಹುತೇಕ ಭಾಗಗಳಲ್ಲಿ ಹಳೆಯ ಕೋಶಗಳು ಹೋಗಿ ಹೊಸವು ಬರುತ್ತವೆ. ಕಣ್ಣಿನ ಮಸೂರದಲ್ಲಿ ಹಾಗಾಗುವುದಿಲ್ಲ. ಮರದ ಕಾಂಡದಲ್ಲಿ ಹೊಸ ಉಂಗುರ ಹೊರಗೆ ಕೂಡಿ ಹಳೆಯದು ಒಳಗೇ ಉಳಿಯುವಂತೆ, ಮಸೂರಕ್ಕೂ ಜೀವಮಾನವಿಡೀ ಹೊರಗಿನಿಂದ ಪದರಗಳು ಸೇರುತ್ತಲೇ ಹೋಗುತ್ತವೆ, ಒಳಗಿನ ಯಾವುದೂ ಉದುರುವುದಿಲ್ಲ. ಅದರ ನಟ್ಟನಡುವಿನ ಪ್ರೋಟೀನುಗಳು ಹುಟ್ಟುವುದಕ್ಕೆ ಮೊದಲೇ ರೂಪುಗೊಂಡು ಕೊನೆಯವರೆಗೂ ಉಳಿದುಕೊಳ್ಳುತ್ತವೆ. ಅಂದರೆ ನನ್ನ ಕಣ್ಣಿನ ನಡುವೆ ನನ್ನ ಅಮ್ಮನ ಗರ್ಭದಲ್ಲಿ ಆದದ್ದು ಇನ್ನೂ ಇದೆ. ಮಗಳ ಕಣ್ಣಿನ ನಡುವೆ ನನ್ನ ಗರ್ಭದಲ್ಲಿ ಆದದ್ದು ಅವಳು ಮುದುಕಿಯಾದಾಗಲೂ ಇರುತ್ತದೆ. ನನ್ನ ಮಸೂರ ಗಡುಸಾಗುತ್ತಿರುವುದನ್ನು ಬರಿಯ ಸವೆತವೆಂದು ಭಾವಿಸುವುದು ಆಮೇಲೆ ನನ್ನಿಂದ ಸಾಧ್ಯವಾಗಲಿಲ್ಲ.

ಕನ್ನಡಕ ಕೊಳ್ಳುವ ಹೊತ್ತಿಗೆ ಮನೆಯಲ್ಲಿ ಏನಾಗುತ್ತಿತ್ತೆಂಬುದನ್ನೂ ಹೇಳಬೇಕು. ಮಾತ್ರೆಯ ಹಾಳೆಯ ಹಿಂದಿನ ಸಣ್ಣ ಅಕ್ಷರಗಳನ್ನು ನಾನು ತೋಳು ಚಾಚಿ ಹಿಡಿದು ಓದಲು ಯತ್ನಿಸಿದಾಗಲೆಲ್ಲ ಮಗಳು ಬಂದು, "ಕೊಡಮ್ಮ, ನಾನು ಓದ್ತೀನಿ" ಎಂದು ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ಅವಳ ಮಾತಿನಲ್ಲಿ ಅಸಹನೆ ಇರಲಿಲ್ಲ. ನನಗೆ ನೋವಾಗುತ್ತಿದ್ದುದು ಅದರಲ್ಲಿದ್ದ ಮೃದುತ್ವದಿಂದಲೇ. ಅವಳ ಬೆರಳಿಗೆ ಮುಳ್ಳು ಚುಚ್ಚಿದಾಗ ಸೂಜಿಯಿಂದ ಬಿಡಿಸಿ ತೆಗೆಯುವುದು ನನ್ನ ಕೆಲಸವಾಗಿತ್ತು, ಆ ಕೆಲಸವನ್ನು ಈಗ ಅವಳು ಎಡಗೈಯಿಂದ ತಾನೇ ಮಾಡಿಕೊಳ್ಳುತ್ತಾಳೆ, ಮಾಡಿಕೊಂಡು ಆದ ಮೇಲೆ ಹೇಳುತ್ತಾಳೆ. ಮಕ್ಕಳು ಸ್ವತಂತ್ರರಾಗಬೇಕೆಂದು ಬಯಸಿಯೇ ನಾವು ಅವರನ್ನು ಬೆಳೆಸುತ್ತೇವೆ. ಹಾಗೆ ಬಯಸಿದ್ದು ಕೈಗೂಡುವ ಹೊತ್ತಿಗೆ ನಮ್ಮದೇ ದೇಹವೂ ಒಂದೊಂದಾಗಿ ಕೆಲಸಗಳನ್ನು ಬಿಟ್ಟುಕೊಡತೊಡಗಿದರೆ, ಅವಳು ದೊಡ್ಡವಳಾದದ್ದರಿಂದ ನಾನು ಹಿಂದೆ ಸರಿದೆನೋ ನನಗೆ ಆಗದೆ ಸರಿದೆನೋ ಎಂದು ತಿಳಿಯದೆ ಹೋಗುತ್ತದೆ. ನನ್ನನ್ನು ಕಾಡಿದ್ದು ಈ ಗೊಂದಲ.

ಕಣ್ಣೊಂದೇ ಅಲ್ಲ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಹನ್ನೆರಡು ಹದಿಮೂರರ ಸುಮಾರಿಗೆ ಮೈನೆರೆಯುತ್ತಾರೆ; ಮುಟ್ಟು ನಿಲ್ಲುವುದು ಬಹುಪಾಲು ಮಹಿಳೆಯರಿಗೆ 45ರಿಂದ 55ರ ನಡುವೆ, ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ಏರುಪೇರು ಆರಂಭವಾಗಿರುತ್ತದೆ. ಮೂವತ್ತರ ಆಸುಪಾಸಿನಲ್ಲಿ ತಾಯಿಯಾದವರ ಮನೆಯಲ್ಲಿ ಈ ಎರಡು ಬದಲಾವಣೆಗಳು ಒಂದರ ಮೇಲೊಂದು ಬರುತ್ತವೆ. ಅವಳ ಚಕ್ರ ನಿಧಾನವಾಗಿ ಕ್ರಮಕ್ಕೆ ಬರುತ್ತಿದ್ದ ವರ್ಷಗಳಲ್ಲೇ ನನ್ನದು ಕ್ರಮ ತಪ್ಪಿತು; ಅವಳು ಬೆಳಗಿನ ತನಕ ಮೈಮರೆತು ಮಲಗುತ್ತಿದ್ದಾಗ ನಾನು ನಡುರಾತ್ರಿ ಮೈಯೆಲ್ಲ ಬೆವೆತು ಎದ್ದು ಕೂರುತ್ತಿದ್ದೆ. ಕಣ್ಣಿನ ಮಟ್ಟಿಗೆ ಇದರ ಪರಿಣಾಮವೆಂದರೆ ಈ ವಯಸ್ಸಿನಲ್ಲಿ ಅನೇಕರಿಗೆ ಕಣ್ಣು ಒಣಗುತ್ತದೆ. ಕಾಂಟಾಕ್ಟ್ ಲೆನ್ಸ್ ಹಾಕಿಕೊಳ್ಳುವ ಯೋಚನೆಯನ್ನು ನಾನು ಕೈಬಿಟ್ಟದ್ದು ಆ ಕಾರಣಕ್ಕೆ.

ಉಳಿದ ಆಯ್ಕೆಗಳು ಮೂರು. ಓದುವುದಕ್ಕೆ ಮಾತ್ರ ಹಾಕಿಕೊಳ್ಳುವ ಸಾದಾ ಕನ್ನಡಕ ಎಲ್ಲಕ್ಕಿಂತ ಅಗ್ಗ, ಪುಟದ ಮೇಲೆ ವಿಶಾಲವಾದ ನೋಟ ಕೊಡುತ್ತದೆ. ಆದರೆ ಓದುತ್ತಿದ್ದವಳು ತಲೆಯೆತ್ತಿದರೆ ಬಾಗಿಲಲ್ಲಿ ನಿಂತ ಮಗಳ ಮುಖ ಕಲಸಿಹೋಗುತ್ತದೆ, ಅವಳು ಏನೋ ಹೇಳಲು ಬಂದಿದ್ದರೆ ಕನ್ನಡಕ ತೆಗೆದು ಅವಳ ಮುಖ ಓದುವಷ್ಟರಲ್ಲಿ ಅವಳು ಮನಸ್ಸು ಬದಲಿಸಿ ಹೋಗಿರುತ್ತಾಳೆ. ಎರಡನೆಯದು ಬೈಫೋಕಲ್. ಬೆಂಜಮಿನ್ ಫ್ರಾಂಕ್ಲಿನ್ 1780ರ ದಶಕದಲ್ಲೇ ತಾನು ಬಳಸುತ್ತಿದ್ದ ಎರಡು ಭಾಗದ ಕನ್ನಡಕದ ಬಗ್ಗೆ ಪತ್ರಗಳಲ್ಲಿ ಬರೆದಿದ್ದಾನೆ, ಅಷ್ಟು ಹಳೆಯ ಉಪಾಯವದು. ಮೇಲಿನ ಭಾಗ ದೂರಕ್ಕೆ, ಕೆಳಗಿನ ತುಣುಕು ಹತ್ತಿರಕ್ಕೆ, ನಡುವೆ ಎದ್ದು ಕಾಣುವ ಗೆರೆ; ಕಣ್ಣು ಆ ಗೆರೆ ದಾಟುವಾಗ ಎದುರಿನ ಬಿಂಬ ಥಟ್ಟನೆ ಜಿಗಿದಂತಾಗುತ್ತದೆ. ಮೂರನೆಯದು ಪ್ರೋಗ್ರೆಸಿವ್. ಇದರ ಮೊದಲ ಪೇಟೆಂಟ್ 1907ರಷ್ಟು ಹಳೆಯದಾದರೂ, ಜನರು ನಿಜವಾಗಿ ಹಾಕಿಕೊಳ್ಳಬಹುದಾದ ರೂಪಕ್ಕೆ ತಂದವನು ಫ್ರಾನ್ಸಿನ ಬರ್ನಾರ್ ಮೆತೆನಾ. ಅವನ ವಾರಿಲಕ್ಸ್ ಮಸೂರ 1959ರಲ್ಲಿ ಮಾರುಕಟ್ಟೆಗೆ ಬಂತು. ಇದರಲ್ಲಿ ಶಕ್ತಿ ಮೇಲಿನಿಂದ ಕೆಳಕ್ಕೆ ಎಲ್ಲಿಯೂ ತುಂಡಾಗದೆ ಏರುತ್ತ ಹೋಗುತ್ತದೆ.

ಬೈಫೋಕಲ್ ಬೇಡವೆನ್ನಲು ನನಗಿದ್ದ ಮುಖ್ಯ ಕಾರಣ ಗೆರೆಯಲ್ಲ. ಅದರಲ್ಲಿ ನಡುವಣ ನೋಟ ಇಲ್ಲ. ತೋಳಳತೆಯಿಂದ ಒಂದು ಮೀಟರಿನವರೆಗಿನ ಅಂತರವನ್ನು ಕನ್ನಡಕದವರು ನಡುವಣ ಅಂತರವೆನ್ನುತ್ತಾರೆ, ಅದಕ್ಕೆ ಕಂಪ್ಯೂಟರ್ ಪರದೆಯನ್ನು ಉದಾಹರಣೆ ಕೊಡುತ್ತಾರೆ. ನನ್ನ ಪಾಲಿಗೆ ಆ ಅಂತರದಲ್ಲಿ ಇರುವವಳು ಮಗಳು. ಕೂಸಾಗಿದ್ದಾಗ ಅವಳು ಹತ್ತಿರದ ನೋಟದಲ್ಲಿದ್ದಳು, ಆಡುವ ವಯಸ್ಸಿನಲ್ಲಿ ಬಯಲಿನ ಆಚೆ ತುದಿಯಲ್ಲಿ ಓಡುತ್ತ ದೂರದ ನೋಟದಲ್ಲಿದ್ದಳು. ಈಗ ಮೇಜಿನ ಎದುರು ಬದಿಯಲ್ಲಿ ಕೂತು ಊಟ ಮಾಡುತ್ತಾಳೆ, ಮಂಚದ ಕಾಲುದೆಸೆಯಲ್ಲಿ ಕೂತು ಹರಟುತ್ತಾಳೆ, ಪಕ್ಕದ ಆಸನದಲ್ಲಿ ಕೂತು ಪ್ರಯಾಣ ಮಾಡುತ್ತಾಳೆ. ಮಡಿಲಿಗೂ ಬರುವುದಿಲ್ಲ, ಕಣ್ಮರೆಯೂ ಆಗುವುದಿಲ್ಲ. ಬೆಳೆದ ಮಗಳೊಂದಿಗೆ ಕಳೆಯುವ ಬದುಕೆಲ್ಲ ಆ ಒಂದು ಮೀಟರಿನೊಳಗೆ ನಡೆಯುತ್ತದೆ, ಅದಕ್ಕಾಗಿಯೇ ನನಗೆ ಈ ಮಸೂರ ಬೇಕಾಗಿತ್ತು.

ಇನ್ನು ಅಂಗಡಿಯ ಸೇವೆಯ ವಿಷಯ. ಪ್ರೋಗ್ರೆಸಿವ್ ಕನ್ನಡಕದ ಯಶಸ್ಸು ಮಸೂರದ ಗುಣಮಟ್ಟದಷ್ಟೇ ಅಳತೆಯನ್ನೂ ಅವಲಂಬಿಸಿದೆ. ಪ್ರತಿಯೊಂದು ಕಣ್ಣಿನ ಪಾಪೆ ಮೂಗಿನ ನಡುಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಬೇರೆಬೇರೆಯಾಗಿ ಅಳೆಯಬೇಕು, ಏಕೆಂದರೆ ಎಷ್ಟೋ ಜನರಲ್ಲಿ ಎರಡೂ ಬದಿ ಸಮವಾಗಿರುವುದಿಲ್ಲ. ಆಯ್ದ ಫ್ರೇಮನ್ನು ಮೊದಲು ಮುಖಕ್ಕೆ ಸರಿಯಾಗಿ ಕೂರಿಸಿ, ನೇರ ನೋಡುವಾಗ ಪಾಪೆ ಫ್ರೇಮಿನಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆಂದು ಗುರುತು ಹಾಕಬೇಕು. ಒಂದೆರಡು ಮಿಲಿಮೀಟರ್ ತಪ್ಪಿದರೂ ಓದುವ ಭಾಗಕ್ಕೆ ಕಣ್ಣು ತಲುಪದೆ ಕತ್ತು ನೋಯುತ್ತದೆ. ಮೊದಲು ಹೋಗಿದ್ದ ಅಂಗಡಿಯಲ್ಲಿ ಎರಡೂ ಕಣ್ಣಿಗೆ ಸೇರಿಸಿ ಒಂದೇ ಅಂಕಿ ಬರೆದುಕೊಂಡರು, ಎತ್ತರವನ್ನು ಅಳೆಯಲೇ ಇಲ್ಲ, ಕೇಳಿದ್ದಕ್ಕೆ ಅದೆಲ್ಲ ಯಂತ್ರವೇ ನೋಡಿಕೊಳ್ಳುತ್ತದೆ ಎಂದರು. ಅಲ್ಲಿಂದ ಎದ್ದು ಬಂದೆವು. ಎರಡನೆಯ ಅಂಗಡಿಯ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, ಕೂರಿಸಿ, ಮತ್ತೆ ನಿಲ್ಲಿಸಿ ಗುರುತು ಹಾಕಿದರು. ಆ ಹೊತ್ತಿನಲ್ಲಿ ಮಗಳು ಹೇಳಿದ ಮಾತು ಬಹಳ ಉಪಯೋಗಕ್ಕೆ ಬಂತು: "ಅಮ್ಮ, ನೀನು ಮನೇಲಿ ಹೀಗೆ ನಿಲ್ಲಲ್ಲ, ತಲೆ ಸ್ವಲ್ಪ ಬಗ್ಗಿಸ್ತೀಯ." ಅಳತೆ ಕೊಡುವಾಗ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಗಲ್ಲವೆತ್ತಿ ನಿಲ್ಲುತ್ತಾರೆ, ಆ ನಿಲುವಿನಲ್ಲಿ ತೆಗೆದ ಅಳತೆ ಮನೆಯಲ್ಲಿ ಹೊಂದುವುದಿಲ್ಲವೆಂದು ಆ ಹಿರಿಯರು ಒಪ್ಪಿ, ನನ್ನನ್ನು ನಾಲ್ಕು ಹೆಜ್ಜೆ ನಡೆಸಿ ಹೊಸದಾಗಿ ಗುರುತು ಹಾಕಿದರು. ಇಷ್ಟು ವರ್ಷ ನಾನು ಅವಳನ್ನು ನೋಡುತ್ತಿದ್ದೇನೆಂದೇ ಭಾವಿಸಿದ್ದೆ; ನಾನು ಹೇಗೆ ನಿಲ್ಲುತ್ತೇನೆಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳೂ ಅದೇ ದಿನ ಪರೀಕ್ಷೆ ಮಾಡಿಸಿಕೊಂಡಳು. ಅವಳಿಗೆ ಸಮೀಪದೃಷ್ಟಿ, ಹತ್ತಿರದ್ದು ಚೆನ್ನಾಗಿ ಕಂಡು ದೂರದ್ದು ಕಾಣದ ಸ್ಥಿತಿ. ಹುಟ್ಟಿದಾಗ 17 ಮಿಲಿಮೀಟರಿನ ಆಸುಪಾಸಿನಲ್ಲಿರುವ ಕಣ್ಣುಗುಡ್ಡೆಯ ಉದ್ದ ದೊಡ್ಡವರಾಗುವ ವೇಳೆಗೆ 23ರಿಂದ 24 ಮಿಲಿಮೀಟರಿಗೆ ಬೆಳೆಯುತ್ತದೆ. ಅಳತೆ ಮೀರಿ ಬೆಳೆದ ಒಂದೊಂದು ಮಿಲಿಮೀಟರಿಗೂ ಸುಮಾರು ಎರಡೂವರೆ ಡಯಾಪ್ಟರಿನಷ್ಟು (ಮಸೂರದ ಶಕ್ತಿಯನ್ನು ಅಳೆಯುವ ಮಾನ) ಮೈನಸ್ ಪವರ್ ಕೂಡುತ್ತದೆ. ಅವಳ ಪವರ್ ಏರಿದ್ದು ಬೆಳವಣಿಗೆಯಿಂದ, ನನ್ನದು ಏರಿದ್ದು ಗಡುಸಾದುದರಿಂದ. ಹದಿಹರೆಯ ದಾಟಿ ಇಪ್ಪತ್ತರ ಆಚೀಚೆ ಅವಳದು ಬಹುಮಟ್ಟಿಗೆ ಸ್ಥಿರವಾಗುತ್ತದೆ ಎಂದು ಪರೀಕ್ಷಿಸಿದವರು ಹೇಳಿದರು. ನನ್ನ ಓದುವ ಪವರ್ ಈಗ +1.50 ಇದ್ದು ಅರವತ್ತರ ಸುಮಾರಿಗೆ +2.50ರ ಹತ್ತಿರ ನಿಲ್ಲುವುದು ರೂಢಿ. ಕನ್ನಡಕ ಹಾಕಿಕೊಂಡರೆ ಕಣ್ಣು ಇನ್ನಷ್ಟು ಕೆಡುತ್ತದೆಂಬ ಭಯ ನಮ್ಮಿಬ್ಬರಿಗೂ ಇತ್ತು. ಚಾಳೀಸಿನ ಮಟ್ಟಿಗೆ ಅದು ಸುಳ್ಳು. ಹಾಕಿಕೊಂಡರೂ ಬಿಟ್ಟರೂ ಮಸೂರ ತನ್ನ ಗತಿಯಲ್ಲೇ ಗಡುಸಾಗುತ್ತದೆ, ಹಾಕಿಕೊಳ್ಳದಿದ್ದರೆ ಸಿಗುವುದು ತಲೆನೋವು ಮಾತ್ರ.

ಮೊದಲ ದಿನಗಳು ಕಷ್ಟದವು. ಪ್ರೋಗ್ರೆಸಿವ್ ಮಸೂರದ ನಡುವೆ ಮೇಲಿನಿಂದ ಕೆಳಕ್ಕೆ ಸ್ಪಷ್ಟ ನೋಟದ ಒಂದು ಓಣಿ ಇರುತ್ತದೆ, ಅದರ ಎಡಬಲಗಳಲ್ಲಿ ಬಿಂಬ ಸೊಟ್ಟಗಾಗುತ್ತದೆ. ಇದು ತಯಾರಕರ ಅಜಾಗರೂಕತೆಯಿಂದ ಆಗುವುದಲ್ಲ. ಓಣಿಯ ಉದ್ದಕ್ಕೂ ಶಕ್ತಿ ಏರುವ ವೇಗಕ್ಕಿಂತ ಅದರ ಪಕ್ಕಗಳಲ್ಲಿ ವಕ್ರತೆ ಹೆಚ್ಚುವ ವೇಗ ಎರಡು ಪಟ್ಟು ಎಂದು 1963ರಲ್ಲಿ ಮಿಂಕ್‌ವಿಟ್ಸ್ ಎಂಬ ಗಣಿತಜ್ಞ ತೋರಿಸಿದ್ದಾನೆ. ಯಾವ ಕಂಪನಿಯೂ ಈ ನಿಯಮವನ್ನು ಮೀರಲಾರದು. ಬೆಲೆ ಹೆಚ್ಚಿದ ಮಸೂರಗಳು ಆ ವಕ್ರತೆಯನ್ನು ಕಣ್ಣು ಕಡಿಮೆ ಹಾಯುವ ಜಾಗಗಳಿಗೆ ಜಾಣತನದಿಂದ ಹಂಚುತ್ತವೆ. ಮೆಟ್ಟಿಲು ಇಳಿಯುವಾಗ ಕಣ್ಣನ್ನಷ್ಟೇ ಕೆಳಗೆ ಹಾಯಿಸಿದರೆ ಓದುವ ಭಾಗದ ಮೂಲಕ ನೋಡಿದಂತಾಗಿ ಮೆಟ್ಟಿಲು ತೇಲುತ್ತದೆ, ಆದ್ದರಿಂದ ಗಲ್ಲವನ್ನೇ ಎದೆಯ ಕಡೆಗೆ ಇಳಿಸಿ ಮೇಲಿನ ಭಾಗದಿಂದ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಎರಡು ವಾರಗಳೊಳಗೆ ಮಿದುಳು ಒಗ್ಗಿಕೊಳ್ಳುತ್ತದೆ. ಆ ಅವಧಿಯಲ್ಲಿ ಹಳೆಯ ಕನ್ನಡಕಕ್ಕೆ ಮರಳಬಾರದು, ಮರಳಿದರೆ ಕಲಿತದ್ದು ಕರಗುತ್ತದೆ. ಆ ದಿನಗಳಲ್ಲಿ ಹೊರಗೆ ಹೋದಾಗಲೆಲ್ಲ ಮಗಳು ಮೆಟ್ಟಿಲುಗಳ ಬಳಿ ಬಂದು ಮೊಣಕೈ ಹಿಡಿಯುತ್ತಿದ್ದಳು. ಕೈ ಬಿಡು ಎನ್ನಬೇಕೆನಿಸುತ್ತಿತ್ತು, ಹಿಡಿದುಕೊಂಡಿರಲಿ ಎಂದೂ ಅನಿಸುತ್ತಿತ್ತು, ಎರಡೂ ಒಂದೇ ಗಳಿಗೆಯಲ್ಲಿ.

ಒಗ್ಗಿದ ಮೇಲೆ ದೊರೆತದ್ದು ದೊಡ್ಡದು. ಅವಳು ತೋರಿಸುವ ಫೋನಿನ ಚಿತ್ರವನ್ನು ಹಿಂದಕ್ಕೆ ತಳ್ಳದೆ ಅವಳು ಹಿಡಿದಲ್ಲೇ ನೋಡಬಲ್ಲೆ. ಅವಳ ಕೈಬರಹ ಬದಲಾಗಿರುವುದು, ದುಂಡಗಿದ್ದ ಅಕ್ಷರಗಳು ವಾಲಿ ಅವಸರದವಾಗಿರುವುದು ಈಗ ಗೊತ್ತಾಗಿದೆ. ಮೇಜಿನ ಆಚೆ ಕೂತು ಎಲ್ಲ ಸರಿಯಾಗಿದೆ ಎಂದು ಅವಳು ಹೇಳುವಾಗ ಕೆಳತುಟಿಯ ಒಂದು ಮೂಲೆ ಒಳಕ್ಕೆ ಸೆಳೆದುಕೊಳ್ಳುವುದು ಕಾಣುತ್ತದೆ. ಬರಿಗಣ್ಣಿನ ಕಾಲದಲ್ಲಿ ಇಂಥ ಎಷ್ಟು ಸೂಚನೆಗಳು ನನ್ನನ್ನು ದಾಟಿಹೋದವೋ. ಹುಬ್ಬಿನ ತುದಿಯಲ್ಲಿ ಎಳವೆಯಲ್ಲಿ ಬಿದ್ದಾಗ ಆದ ಗಾಯದ ಗುರುತು ಇನ್ನೂ ಇದೆ, ಹಣೆಯ ಮೇಲೆ ಹರೆಯದ ಮೊಡವೆಗಳಿವೆ, ಮುಖದ ಎಲುಬಿನ ಆಕಾರ ಬದಲಾಗಿ ಮಗುವಿನ ಮುಖ ಒಬ್ಬ ಹೆಣ್ಣಿನ ಮುಖವಾಗಿದೆ. ಈ ಬದಲಾವಣೆಯನ್ನು ಮಸುಕಿನೊಳಗೆ ನಾನು ಪೂರ್ತಿ ಕಂಡಿರಲಿಲ್ಲ, ಮನಸ್ಸಿನಲ್ಲಿದ್ದ ಹಳೆಯ ಮುಖವನ್ನೇ ಅವಳ ಮೇಲೆ ಇಟ್ಟು ನೋಡುತ್ತಿದ್ದೆ.

ಅದೇ ಕನ್ನಡಕ ಕನ್ನಡಿಯ ಮುಂದೆಯೂ ತನ್ನ ಕೆಲಸ ಮಾಡುತ್ತದೆ ಎಂಬುದನ್ನು ಕೊಳ್ಳುವವರು ತಿಳಿದಿರಲಿ. ಕಣ್ಣಂಚಿನ ಗೆರೆಗಳು, ಕತ್ತಿನ ಮಡಿಕೆಗಳು, ಕಿವಿಯ ಮುಂದಿನ ಬಿಳಿಗೂದಲು ಎಲ್ಲವೂ ಒಂದೇ ಬೆಳಗ್ಗೆ ಎದುರಿಗೆ ಬಂದು ನಿಂತವು. ಆ ಗಳಿಗೆಯಲ್ಲಿ ಮಗಳು ಪಕ್ಕಕ್ಕೆ ಬಂದು ತಲೆ ಬಾಚಿಕೊಳ್ಳತೊಡಗಿದಳು, ಎರಡು ಮುಖಗಳು ಒಂದೇ ಕನ್ನಡಿಯಲ್ಲಿದ್ದವು. ಅವಳ ಚೆಲುವನ್ನು ಕಂಡು ಹೆಮ್ಮೆಯಾಯಿತು, ಅದರ ಜೊತೆಯಲ್ಲೇ ಎದೆಯಲ್ಲಿ ಏನೋ ಚುಚ್ಚಿತು. ಅದನ್ನು ಅಸೂಯೆ ಎಂದೇ ಕರೆಯಬೇಕು. ತಾಯಂದಿರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಹೇಳಿದರೆ ಪ್ರೀತಿ ಕಡಿಮೆಯೆಂದು ತಿಳಿದಾರೆಂಬ ಅಂಜಿಕೆ. ನನ್ನ ಅಭಿಪ್ರಾಯದಲ್ಲಿ ಅದು ಪ್ರೀತಿಗೆ ವಿರುದ್ಧವಾದದ್ದಲ್ಲ. ಅವಳಿಗೆ ಇರುವುದು ಅವಳಿಂದ ಹೋಗಬೇಕೆಂದು ನಾನು ಬಯಸುವುದಿಲ್ಲ, ಅವಳಿಗೆ ಇರುವುದು ಅವಳಲ್ಲಿ ಬಹುಕಾಲ ಇರಲೆಂದೇ ಬಯಸುತ್ತೇನೆ. ಆದರೆ ನನಗೂ ಅದು ಇತ್ತು, ಇದ್ದಾಗ ನಾನು ಅದನ್ನು ಇಷ್ಟು ಹತ್ತಿರದಿಂದ ನೋಡಿಕೊಂಡಿರಲಿಲ್ಲ ಎಂಬ ದುಃಖವೂ ನಿಜ.

ದೋಷಗಳಿಗೆ ಬರೋಣ, ಇವು ಸಣ್ಣವಲ್ಲ. ಮಲಗಿಕೊಂಡು ಓದಲು ಈ ಕನ್ನಡಕ ನಿಷ್ಪ್ರಯೋಜಕ, ಏಕೆಂದರೆ ತಲೆ ದಿಂಬಿನ ಮೇಲಿದ್ದಾಗ ಕಣ್ಣು ಓದುವ ಭಾಗಕ್ಕೆ ಇಳಿಯುವುದಿಲ್ಲ. ಮಗಳೂ ನಾನೂ ಅಕ್ಕಪಕ್ಕ ಮಲಗಿ ಒಂದೇ ಪುಸ್ತಕ ಓದುವ ಹಳೆಯ ಅಭ್ಯಾಸಕ್ಕೆ ಬೇರೆಯೇ ಸಾದಾ ಕನ್ನಡಕ ಇಟ್ಟುಕೊಂಡಿದ್ದೇನೆ. ದಿನವಿಡೀ ಪರದೆ ನೋಡುವವರಿಗೆ ಓಣಿ ಕಿರಿದು, ಗಲ್ಲವೆತ್ತಿ ಕೂತು ಕತ್ತು ನೋಯಿಸಿಕೊಳ್ಳುವುದಕ್ಕಿಂತ ನಡುವಣ ಮತ್ತು ಹತ್ತಿರದ ನೋಟಕ್ಕೆಂದೇ ಮಾಡುವ ಆಫೀಸ್ ಮಸೂರಗಳು ಅವರಿಗೆ ಲೇಸು.

ಯಾರೂ ಮೊದಲೇ ಹೇಳದಿದ್ದ ದೋಷವೊಂದಿದೆ. ಈ ಮಸೂರದಲ್ಲಿ ಹತ್ತಿರದ ನೋಟ ಇರುವುದು ಕೆಳಭಾಗದಲ್ಲಿ, ಹತ್ತಿರದ ವಸ್ತುಗಳು ಕಣ್ಣಿಗಿಂತ ಕೆಳಗೇ ಇರುತ್ತವೆಂಬ ಊಹೆಯ ಮೇಲೆ ಇದರ ರಚನೆ ನಿಂತಿದೆ. ನನ್ನ ಮಗಳು ಈಗ ನನಗಿಂತ ಎತ್ತರ. ಅವಳು ಹತ್ತಿರ ಬಂದು ನಿಂತರೆ, ತಬ್ಬಿಕೊಳ್ಳುವ ಮುನ್ನ ಒಂದು ಕ್ಷಣ ಮುಖ ನೋಡಿದರೆ, ಅವಳ ಮುಖ ಮಸೂರದ ಮೇಲಿನ ಭಾಗಕ್ಕೆ, ಅಂದರೆ ದೂರದ ನೋಟಕ್ಕೆಂದು ಮೀಸಲಾದ ಜಾಗಕ್ಕೆ ಬರುತ್ತದೆ, ಮಸುಕಾಗುತ್ತದೆ. ಸ್ಪಷ್ಟವಾಗಿ ಕಾಣಬೇಕಾದರೆ ನಾನು ತಲೆಯನ್ನು ಹಿಂದಕ್ಕೆ ಚಾಚಿ ಗಲ್ಲವೆತ್ತಿ ಮಸೂರದ ಕೆಳಗಿನಿಂದ ಅವಳನ್ನು ನೋಡಬೇಕು, ಅವಳು ಚಿಕ್ಕವಳಿದ್ದಾಗ ನನ್ನನ್ನು ಹಾಗೆಯೇ ನೋಡುತ್ತಿದ್ದಳು. ಎತ್ತರದ ಕಪಾಟಿನ ಡಬ್ಬಿಗಳ ಮೇಲಿನ ಹೆಸರು ಓದುವಾಗಲೂ ಇದೇ ತೊಂದರೆ.

ಪಕ್ಕದ ನೋಟದ ಕೊರತೆಯನ್ನು ಮಾತ್ರ ನಾನು ದೋಷಗಳ ಪಟ್ಟಿಯಲ್ಲಿ ಸೇರಿಸಲಾರೆ. ನಡುವಣ ನೋಟ ಈ ಮಸೂರದ ಎಲ್ಲಕ್ಕಿಂತ ಕಿರಿದಾದ ಭಾಗ, ಪಕ್ಕದಲ್ಲಿ ಕೂತವರನ್ನು ಕಡೆಗಣ್ಣಿನಿಂದ ನೋಡಿದರೆ ಅವರು ಕಲಸಿದಂತೆ ಕಾಣುತ್ತಾರೆ. ಮಗಳನ್ನು ನೋಡಬೇಕಾದರೆ ಕಣ್ಣು ಹೊರಳಿಸಿದರೆ ಸಾಲದು, ಮುಖವನ್ನೇ ಪೂರ್ತಿ ಅವಳ ಕಡೆಗೆ ತಿರುಗಿಸಬೇಕು. ಒಂದು ಕೈ ಕೆಲಸದಲ್ಲಿಟ್ಟು ಒಂದು ಕಿವಿ ಅವಳ ಮಾತಿಗೆ ಕೊಡುವುದು ನನಗೆ ಬಹುಕಾಲದ ರೂಢಿಯಾಗಿತ್ತು. ಈಗ ಅವಳು ಮಾತಾಡತೊಡಗಿದರೆ ಕೆಲಸದಿಂದ ತಿರುಗಿ ಎದುರಾಗಿ ಕೂರುತ್ತೇನೆ. ಅವಳು ಮಾತು ಮುಗಿಸುವ ತನಕ ಇರುತ್ತಾಳೆ.

ಕೊಳ್ಳುವವರಿಗೆ ಉಳಿದ ಕೆಲವು ಮಾತುಗಳು. ಫ್ರೇಮ್ ತೀರ ಕುಳ್ಳಾಗಿರಬಾರದು. ಪಾಪೆಯ ಕೆಳಗೆ ಸಾಕಷ್ಟು ಜಾಗವಿಲ್ಲದಿದ್ದರೆ ಓದುವ ಭಾಗವೇ ಕತ್ತರಿಸಿಹೋಗುತ್ತದೆ, ಚಿಕ್ಕ ಓಣಿಯ ಮಸೂರ ಹಾಕಿ ಹೊಂದಿಸಿದರೆ ಪಕ್ಕದ ವಕ್ರತೆ ಹೆಚ್ಚುತ್ತದೆ. ಪ್ರತಿಫಲನ ತಡೆಯುವ ಲೇಪನ ಬೇಕೇ ಬೇಕು, ರಾತ್ರಿ ದೀಪಗಳ ಮುಂದೆ ಅದರ ಬೆಲೆ ತಿಳಿಯುತ್ತದೆ, ಎದುರಿಗಿರುವವರಿಗೂ ನಮ್ಮ ಕಣ್ಣು ಕಾಣುತ್ತದೆ. ಪವರ್ ಹೆಚ್ಚಿಲ್ಲದವರು ತೆಳುವಾದ ದುಬಾರಿ ಮಸೂರಕ್ಕೆ ಹಣ ಸುರಿಯಬೇಕಾಗಿಲ್ಲ. ಮಸೂರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸೂಕ್ಷ್ಮವಾಗಿ ಕೊರೆದ ಗುರುತುಗಳು ಕಾಣುತ್ತವೆ, ಓದುವ ಪವರಿನ ಅಂಕಿಯೂ ಅಲ್ಲೇ ಇರುತ್ತದೆ. ಬರೆಸಿದ್ದೇ ಬಂದಿದೆಯೇ ಎಂದು ಕೊಡುವವರ ಮುಂದೆಯೇ ನೋಡಿಕೊಳ್ಳುವುದು ಒಳ್ಳೆಯದು. ಎರಡು ವಾರ ಕಳೆದರೂ ತಲೆ ಸುತ್ತುತ್ತಿದ್ದರೆ ಅದು ವಯಸ್ಸಿನ ದೋಷವೆಂದು ಸಹಿಸಬಾರದು, ಅಳತೆಯನ್ನು ಮತ್ತೆ ನೋಡಲು ಹೇಳುವ ಹಕ್ಕು ಕೊಂಡವರಿಗೆ ಇದೆ. ಅಮ್ಮನಿಗೆ ಕೊಡಿಸಲು ಹೊರಟಿರುವ ಮಕ್ಕಳಿಗೆ ನನ್ನ ವಿನಂತಿ, ಫ್ರೇಮ್ ಆರಿಸಿ ಹಣ ಕೊಟ್ಟು ಹೊರಡಬೇಡಿ. ಅಳತೆ ತೆಗೆಯುವಾಗ ಪಕ್ಕದಲ್ಲಿ ನಿಂತು ಅವರು ಮನೆಯಲ್ಲಿ ನಿಲ್ಲುವಂತೆಯೇ ನಿಂತಿದ್ದಾರೆಯೇ ಎಂದು ನೋಡಿ.

ನನ್ನ ಮುಂದಿನ ಪರೀಕ್ಷೆಯ ಹೊತ್ತಿಗೆ ಮಗಳು ಓದಿಗಾಗಿ ಮನೆ ಬಿಟ್ಟಿರುವ ಸಂಭವವಿದೆ. ಆಗಲೂ ಇದೇ ಮಾದರಿಯ ಮಸೂರವನ್ನೇ ಕೊಳ್ಳುತ್ತೇನೆ, ಎತ್ತರ ಇನ್ನೂ ಸ್ವಲ್ಪ ಹೆಚ್ಚಿರುವ ಫ್ರೇಮಿನಲ್ಲಿ, ಅದೇ ಹಿರಿಯರ ಕೈಯಲ್ಲಿ ಅಳತೆ ಮಾಡಿಸಿ. ಅವಳು ರಜೆಗೆ ಬರುವ ವಾರಕ್ಕೆ ಆ ಅಳತೆಯನ್ನು ಇಟ್ಟುಕೊಳ್ಳಬೇಕೆಂದು ಅವಳೇ ಈಗಾಗಲೇ ಹೇಳಿದ್ದಾಳೆ, ನಾನೂ ಒಪ್ಪಿದ್ದೇನೆ.